ಕೆಂಪು ಪಟ್ಟಿಯ ತುದಿ

ಟಿಣ್ ಎಂದಿತಲ್ಲ, ಯಾಕೆ ಟಿಣ್ ಎನ್ನಬೇಕು, ಅಂಗೈಯುದ್ದದ ಕೊಳವೆ ತುಂಡು, ಬೆಂಚಿನ ಕೆಳಗಿನ ಉಕ್ಕಿನ ಪುಡಿ ಗುಡಿಸುವಾಗ ಪೊರಕೆಗೆ ಸಿಕ್ಕಿ ಉರುಳಿ ಬಂದದ್ದು, ಎತ್ತಿಕೊಂಡು ಉಗುರಿನಿಂದ ಒಂದು ಬಾಯಿಗೆ ತಟ್ಟಿದಾಗ ಟಕ್ ಎಂದಿತ್ತು, ಸುಮ್ಮನೆ, ಕೈಚಟ, ತಿರುಗಿಸಿ ಇನ್ನೊಂದು ಬಾಯಿಗೆ ತಟ್ಟಿದರೆ ಟಿಣ್ — ಇರಲಿ, ಅಂಚು ಉಜ್ಜಿ ಕೆಳಗೊಂದು ತಗಡು ಬೆಸೆದರೆ ಹಲ್ಲುಜ್ಜುವ ಬ್ರಷ್ ಇಡಲು ಒಳ್ಳೆಯ ಡಬ್ಬಿಯಾಗುತ್ತದೆ, ಹೆಂಡತಿ ಎಷ್ಟು ದಿನದಿಂದ ಕುಟುಕುತ್ತಿದ್ದಾಳೆ, ಊರಿಗೆಲ್ಲ ಹಲ್ಲು ಕಟ್ಟಿಕೊಡ್ತೀರಿ, ಮನೇಲಿ ಬ್ರಷ್ ಇಡೋಕೆ ಒಂದು ಜಾಗ ಇಲ್ಲ. ಇವತ್ತು ಅವನಿಗೆ ಆ ಕುಟುಕೂ ಹಿತವಾಗಿದೆ. ಹಲ್ಲಿನ ಲ್ಯಾಬಿಗೆ ರಜೆ, ಶೆಡ್ಡಿನ ತುಂಬ ಬಿಸಿಲು, ತಿಂಗಳುಗಟ್ಟಲೆ ಬೆಂಚಿನ ಮೇಲೆ ಕೈಕಾಲು ಕಟ್ಟಿಸಿಕೊಂಡು ಮಲಗಿದ್ದ ಸೈಕಲ್ಲಿನ ಫ್ರೇಮು ಈಗ ಚಕ್ರ ಹಾಕಿಕೊಂಡು ತಂಗಿಯ ಜೊತೆ ಬೆಟ್ಟಕ್ಕೆ ಹೋಗಿದೆ, ತಂಗಿ ಬರೆದದ್ದು, ಅಣ್ಣ ಬೆಸೆದದ್ದು, ಅಂಗಡಿಯಿಂದ ತಂದದ್ದಲ್ಲ — ತಾನು ಬಟ್ಟೆ ಕಾರ್ಖಾನೆಯಲ್ಲಿ ಅಂಗಿಯ ನಮೂನೆ ಕತ್ತರಿಸುವ ಅದೇ ಕಂದು ಕಾಗದದ ಮೇಲೆ ಸೈಕಲ್ಲನ್ನೂ ಇದ್ದ ಅಳತೆಯಲ್ಲೇ ಬರೆದು ತಂದು ಗೋಡೆಗೆ ಅಂಟಿಸಿದ್ದಳು, ನೋಡಣ್ಣ, ನನಗೆ ಅಂಗಿ ಹೊಲಿದ ಹಾಗೆ ಕೂತ್ಕೋಬೇಕು ಇದು. ಕಿಟಕಿಯಲ್ಲಿ ಬೆಟ್ಟ ಕಾಣುತ್ತದೆ, ಕಲ್ಲು ಒಂದೂ ಕಾಣದು, ದೂರದ ಬೆಟ್ಟ ನುಣ್ಣಗೆ, ಈಗ ಹತ್ತುತ್ತಿರಬೇಕು, ತಳ್ಳಿಕೊಂಡು, ಹತ್ತುವುದಕ್ಕೇನು ಭಯವಿಲ್ಲ, ಹತ್ತುವಾಗ ಯಾವ ಸೈಕಲ್ಲೂ ಮುರಿಯುವುದಿಲ್ಲ — ಮುರಿಯುವ ಮಾತು ಈಗ ಯಾಕೆ ಬಂತು. ಅವನು ತುಂಡನ್ನು ಮತ್ತೆ ತಟ್ಟಿದ. ಟಕ್. ಟಿಣ್.

ಜೇಬಿನಲ್ಲಿ ಗೇಜು ಇದೆ, ರಜೆಯಲ್ಲೂ ಜೇಬು ಬಿಡದ ಲ್ಯಾಬಿನ ಪುಟ್ಟ ಗೇಜು, ಹಲ್ಲಿನ ಕ್ಯಾಪು ಎಲ್ಲಿ ದಪ್ಪ ಎಲ್ಲಿ ತೆಳು ಎಂದು ಎರಡು ಮೂತಿಯಲ್ಲಿ ಕಚ್ಚಿ ಹೇಳುವಂಥದ್ದು, ಟಕ್ ಎಂದ ಬಾಯಿಗೆ ಕಚ್ಚಿಸಿದ, ಮುಳ್ಳು ಒಂಬತ್ತರಲ್ಲಿ ನಿಂತಿತು, ಮಿಲಿಮೀಟರಿನ ಹತ್ತರಲ್ಲಿ ಒಂಬತ್ತು ಪಾಲು, ಸರಿ, ಟಿಣ್ ಎಂದ ಬಾಯಿಗೆ ಕಚ್ಚಿಸಿದ, ಆರು, ಇರಲಾರದು, ಅಂಗಿಯ ತುದಿಯಲ್ಲಿ ಒರೆಸಿ ಮತ್ತೆ ಕಚ್ಚಿಸಿದ, ಆರು, ಇನ್ನೊಂದು ಮಗ್ಗುಲಲ್ಲಿ, ಆರು. ಫ್ರೇಮಿನಲ್ಲಿ ಹ್ಯಾಂಡಲಿನಿಂದ ಪೆಡಲಿನವರೆಗೆ ಹೋಗುವ ಈ ಕೊಳವೆ ತುದಿಗಳಲ್ಲಿ ದಪ್ಪ, ನಡುವೆ ತೆಳು, ಹಗುರವಾಗಲೆಂದು ಹಾಗೆ ಮಾಡಿರುತ್ತಾರೆ, ಹೊರಗಿನಿಂದ ಎಷ್ಟು ಸವರಿದರೂ ಗೊತ್ತಾಗದು, ಪೆಡಲಿನ ಕಡೆ ದಪ್ಪ ಉದ್ದಕ್ಕೆ ಬಿಟ್ಟಿರುತ್ತಾರೆ, ಅಳತೆಗೆ ಕತ್ತರಿಸುವುದಿದ್ದರೆ ಅಲ್ಲಿ ಕತ್ತರಿಸಬೇಕು, ಹ್ಯಾಂಡಲಿನ ಕಡೆ ಅದು ಕೆಲವೇ ಬೆರಳಿನಷ್ಟು, ಅದಕ್ಕೇ ಅಲ್ಲೊಂದು ಕೆಂಪು ಪಟ್ಟಿ ಬಳಿದು ಕಳಿಸಿದ್ದರು, ಅಣ್ಣ, ಕೆಂಪು ಪಟ್ಟಿ ಕಡೆ ಗರಗಸ ಇಡ್ಬೇಡ, ಇಳಿಯೋವಾಗ ಏಟೆಲ್ಲ ಅಲ್ಲೇ ಬೀಳೋದು. ಪೆಡಲಿನ ಕಡೆ ಕತ್ತರಿಸಿದ ತುಂಡಾದರೆ ಎರಡು ಬಾಯಿಯೂ ಒಂಬತ್ತಿರಬೇಕಿತ್ತು. ಇದರಲ್ಲಿ ಗರಗಸ ಹೋದ ಬಾಯಿ ಆರು. ಅಂದರೆ ದಪ್ಪವೆಲ್ಲ ಅವನ ಕೈಯಲ್ಲಿದೆ, ತೆಳುವಾದದ್ದನ್ನು ಹ್ಯಾಂಡಲಿನ ಬುಡಕ್ಕೆ ಬೆಸೆದು, ಅರದಲ್ಲಿ ನಯ ಮಾಡಿ, ನೀಲಿ ಬಣ್ಣ ಬಳಿದು, ತಂಗಿಯ ಕೈಗೆ ಕೊಟ್ಟು ಕಳಿಸಿದ್ದಾನೆ.

ಪಟ್ಟಿ ಇತ್ತು, ಇತ್ತು, ಒರೆಸಿದ್ದು ಅವನೇ. ಲ್ಯಾಬಿನ ಬುದ್ಧಿ, ಬೆಂಕಿಗೆ ಇಡುವ ಲೋಹದ ಮೇಲೆ ಬೆರಳಿನ ಜಿಡ್ಡೂ ಇರಬಾರದು, ತಂಗಿ ಬರುವುದರೊಳಗೆ ಎಲ್ಲ ತೊಳೆದಿಟ್ಟಿರೋಣ ಎಂದು ಸ್ಪಿರಿಟ್ಟಿನಲ್ಲಿ ಹತ್ತಿ ಅದ್ದಿ ಕೊಳವೆಗಳನ್ನೆಲ್ಲ ತುದಿಯಿಂದ ತುದಿಗೆ ಉಜ್ಜಿದ್ದ, ಹತ್ತಿ ಕೆಂಪಾದದ್ದೂ ನೆನಪಿದೆ, ಇದು ಬಲಗಡೆ, ನೆನಪಿಟ್ಟುಕೊಂಡರಾಯಿತು, ಅಷ್ಟರಲ್ಲಿ ಹೆಂಡತಿ ಒಗೆಯುವ ಬಟ್ಟೆ ಹೊತ್ತುಕೊಂಡು ಬಂದು ಮೆಷಿನ್ ಹತ್ರ ಹೋಗೋಕೆ ದಾರಿ ಬಿಡ್ತೀರಾ ಎಂದಳು, ಎತ್ತಿ ಗೋಡೆಗೊರಗಿಸಿದ, ಅವಳು ಹೋದಮೇಲೆ ಇಳಿಸಿದ, ಬಲಗಡೆ ಬಲಗಡೆಯೇ ಇತ್ತೇ — ಪಟ್ಟಿ ಎಲ್ಲೋಯ್ತಣ್ಣ, ಒರೆಸಿದೆ, ಮತ್ತೆ ಯಾವ ಕಡೆ ಅಂತ ಗೊತ್ತಾ, ಹಲ್ಲು ಕಟ್ಟೋನಿಗೆ ಮೇಲ್ದವಡೆ ಕೆಳದವಡೆ ಗೊತ್ತಾಗಲ್ವೇನೆ, ಇಬ್ಬರೂ ನಕ್ಕಿದ್ದರು, ಗೇಜು ಆಗಲೂ ಜೇಬಿನಲ್ಲೇ ಇತ್ತು, ಒಂದು ಸಲ ಕಚ್ಚಿಸಿದ್ದರೆ ಮುಗಿಯುತ್ತಿತ್ತು, ಗೊತ್ತಿದೆ ಎನ್ನುವವನಿಗೆ ಗೇಜು ಯಾಕೆ. ಅತಿಯಾದರೆ ಅಮೃತವೂ ವಿಷ ಎಂದು ಅಮ್ಮ ಬೈಯುತ್ತಿದ್ದದ್ದು ಅವನ ಈ ತೊಳೆಯುವ ಚಟಕ್ಕೇ. ಆದರೂ ಬೆಸುಗೆ ಗಟ್ಟಿಯಾಗಿದೆ, ಬೆಸುಗೆಯಲ್ಲಿ ದೋಷವಿಲ್ಲ, ಲ್ಯಾಬಿನ ಯಜಮಾನನೇ ಬಂದು ನೋಡಿ ಹಿತ್ತಾಳೆ ಬೆಣ್ಣೆಯಂತೆ ಹರಿದಿದೆ ಎಂದು ಹೊಗಳಿದ್ದ — ಬೆಸುಗೆ ಗಟ್ಟಿಯಿದ್ದರೆ ಇನ್ನೂ ಕೆಟ್ಟದ್ದು, ಬೆಸುಗೆ ಬಿಡುವುದಿಲ್ಲ, ಅದರ ಪಕ್ಕದ ತೆಳುವೇ ಬಿಡುವುದು.

ಆದರೆ ಏನೂ ಆಗಿಲ್ಲವಲ್ಲ, ಇಷ್ಟು ದಿನ ಬೀದಿಯಲ್ಲಿ ಓಡಿಸಿದಳು, ಗ್ರಂಥಾಲಯದ ಮೆಟ್ಟಿಲ ಮೇಲಿಂದ ದಡದಡ ಇಳಿಸಿದಳು, ಕಾವಲುಗಾರ ಬೈದ, ಅವಳು ಹಲ್ಲು ಕಿರಿದು ಸಲಾಮು ಹೊಡೆದಳು, ಏನೂ ಆಗಲಿಲ್ಲ, ಮನೆಗೆ ತಂದು ನಿಲ್ಲಿಸಿದಾಗ — ಗೆರೆ. ಹ್ಯಾಂಡಲಿನ ಕೆಳಗೆ, ಬೆಸುಗೆಗೆ ಅಂಟಿಕೊಂಡ ಹಾಗೆ, ನೀಲಿ ಬಣ್ಣದಲ್ಲಿ ಕೂದಲೆಳೆಯಷ್ಟು ಗೆರೆ, ಇದೇನೇ ಇದು ಎಂದಿದ್ದ, ಅವಳು ಬಗ್ಗಿ ಹೆಬ್ಬೆರಳಿನಿಂದ ಉಜ್ಜಿದಳು, ಬಟ್ಟೆಯ ಮಡಿಕೆ ತೀಡುವವಳ ಅಗಲವಾದ ಹೆಬ್ಬೆರಳು, ಬಣ್ಣದ ಬ್ರಷ್ ಕೂದಲಣ್ಣ, ಒಳಗೆ ಸೇರ್ಕೊಂಡಿದೆ, ಮತ್ತೆ ಉಜ್ಜಿದಳು, ಹೋಗಲಿಲ್ಲ, ಹೋಗಲಿಲ್ಲವೆಂದು ಇಬ್ಬರೂ ನೋಡಿದರು, ಆಗ ಹೆಂಡತಿ ಊಟಕ್ಕೆ ಕರೆದಳು, ಕೂದಲಾದರೆ ಬೆಳಕಿಗೆ ಮಿನುಗಬೇಕಿತ್ತು, ಅದು ಮಿನುಗಲಿಲ್ಲ, ಕಪ್ಪಗಿತ್ತು, ಅದು ಕಪ್ಪಗಿತ್ತು. ಫೋನು ಎಲ್ಲಿ. ಅರದ ಕೆಳಗೆ, ಇಲ್ಲ, ಕಿಟಕಿಯ ಹತ್ತಿರ, ಕೈಗೆ ಎಣ್ಣೆ, ಪರದೆ ಬೆರಳಿಗೆ ಒಲಿಯುತ್ತಿಲ್ಲ, ತಂಗಿ ಎಂದಿದೆ, ಒತ್ತಿದ, ಸಂಪರ್ಕಕ್ಕೆ ಸಿಗುತ್ತಿಲ್ಲ, ಮತ್ತೆ ಒತ್ತಿದ, ಸಿಗುತ್ತಿಲ್ಲ, ಏನ್ರೀ ಒಬ್ಬರೇ ಮಾತಾಡ್ತಿದ್ದೀರಿ ಎಂದು ಅಡುಗೆಮನೆಯಿಂದ ಹೆಂಡತಿ, ಏನಿಲ್ಲ, ಏನಿಲ್ಲ, ಮತ್ತೆ ಒತ್ತಿದ, ರಿಂಗಾಗುತ್ತಿದೆ, ಎತ್ತೇ, ಎತ್ತು, ನನ್ನವ್ವ, ಎತ್ತು.

ಹಲೋ ಅಂದದ್ದು ಅವಳಲ್ಲ. ಫೋಟೋದವನು, ಪಾಸ್‌ಪೋರ್ಟ್ ಫೋಟೋ ತೆಗೆಯುವ ಅವಳ ಗೆಳೆಯ, ಇಳಿಯುವುದನ್ನು ಸೆರೆಹಿಡಿಯುತ್ತೇನೆಂದು ಮಾರುದ್ದದ ಲೆನ್ಸು ಹೊತ್ತು ಬೆಳಿಗ್ಗೆ ಬಂದಿದ್ದನಲ್ಲ, ಅವನು. ಫೋನ್ ನನ್ನ ಹತ್ರ ಬಿಟ್ಟು ಮೇಲೆ ಹೋಗಿದಾಳಣ್ಣ, ಬಿದ್ರೆ ಒಡೆಯುತ್ತೆ ಅಂತ. ಫೋನು ಒಡೆಯುತ್ತದೆ ಅಂತ. ಎಲ್ಲಿದ್ದಾಳೆ ಅವಳು, ತುದೀಲಿ, ಲೆನ್ಸಲ್ಲಿ ಚೆನ್ನಾಗಿ ಕಾಣ್ತಿದಾಳೆ, ಇಳಿಯೋದು ಬೇಡ ಅನ್ನು, ಏನು, ಇಳಿಯೋದು ಬೇಡ ಅಂತ ಕೂಗು, ಫ್ರೇಮು ಮುರಿಯುತ್ತೆ, ಗಾಳಿ, ಫೋನಿನ ತುಂಬ ಗಾಳಿ, ಫೋಟೋದವನು ಕೂಗಿದ್ದು ಇಲ್ಲಿಗೆ ಕೇಳಿಸಿತು, ಅವಳ ಹೆಸರು ಹಿಡಿದು, ದೊಡ್ಡದಾಗಿ, ಅಲ್ಲಿಗೆ ಕೇಳಿಸಲಿಲ್ಲ. ಕೈ ಬೀಸು, ಎರಡೂ ಕೈ ಬೀಸು. ಬೀಸಿದೆ ಅಣ್ಣ, ಅವಳೂ ಬೀಸಿದ್ಲು. ಓಡು, ಹತ್ತು, ಹತ್ತಿ ಹೋಗು. ಇಲ್ಲಿಂದ ಎಷ್ಟು ಹೊತ್ತಿಗೆ ಹೋಗ್ಲಿ ಅಣ್ಣ, ಅವಳು ಆಗ್ಲೇ — ಇರಿ, ಇರಿ, ಸೈಕಲ್ ಇಳಿದು ನಿಂತ್ಲು. ನಿಂತಳು, ದೇವರೇ, ನಿಂತಳು, ಅವನು ಬೆಂಚು ಹಿಡಿದುಕೊಂಡ, ಏನು ಮಾಡ್ತಿದ್ದಾಳೆ, ಬಗ್ಗಿ ನೋಡ್ತಿದಾಳಣ್ಣ, ಹ್ಯಾಂಡಲ್ ಕೆಳಗೆ ಏನೋ, ಹೆಬ್ಬೆರಳಲ್ಲಿ ಉಜ್ತಿದಾಳೆ. ಗೊತ್ತಾಯಿತು ಅವಳಿಗೆ, ಗೊತ್ತಾಗಲಿ, ನನ್ನ ಕೆಲಸದ ಮೇಲೆ ಒಂದೇ ಒಂದು ಗಳಿಗೆ ಅನುಮಾನ ಬರಲಿ ನಿನಗೆ, ಈ ಅಣ್ಣನನ್ನು ನಂಬಬೇಡ ಕಣೇ, ಆಮೇಲೆ ಎಷ್ಟು ಬೇಕಾದರೂ ಬೈ, ತಳ್ಳಿಕೊಂಡು ಬಾ, ಕಾಲ್ನಡಿಗೆಯಲ್ಲಿ ಬಾ — ಆಮೇಲೆ, ಆಮೇಲೆ ಏನು ಮಾಡಿದಳು ಹೇಳು. ಹತ್ತಿ ಕೂತ್ಲಣ್ಣ. ಹೊರಟ್ಲು. ಶೆಡ್ಡಿನ ಬಾಗಿಲಲ್ಲಿ ಹೆಂಡತಿ ಬಂದು ನಿಂತಿದ್ದಾಳೆ, ಏನೋ ಕೇಳುತ್ತಿದ್ದಾಳೆ, ಕಿಟಕಿಯಲ್ಲಿ ಬೆಟ್ಟ ಇದೆ, ಬೆಟ್ಟ ಕಾಣುತ್ತಿಲ್ಲ, ನೀಲಿಯ ಮೇಲೆ ಆ ಹೆಬ್ಬೆರಳು, ಒಮ್ಮೆ ಉಜ್ಜುತ್ತದೆ, ಮತ್ತೊಮ್ಮೆ, ಗೆರೆ ಹೋಗುವುದಿಲ್ಲ, ಹೆಬ್ಬೆರಳು ಉಜ್ಜುತ್ತದೆ, ಗೆರೆ, ಹೆಬ್ಬೆರಳು, ಗೆರೆ