ಬ್ಯಾಸ್ಕಮ್ಮಿನ ಮೂರು ಮೆಟ್ಟಿಲು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಮಾತು ಪಶ್ಚಿಮ ಟೆಕ್ಸಸ್ಸಿನ ಎಣ್ಣೆ ಸೀಮೆಗೆ ಅರ್ಧ ಮಾತ್ರ ಒಪ್ಪುತ್ತದೆ. ಅಲ್ಲಿ ಮನೆ ಕಟ್ಟುವುದು ಆಗ ದೊಡ್ಡ ಕೆಲಸವಾಗಿರಲಿಲ್ಲ. ಎರಡು ದಪ್ಪ ದಿಮ್ಮಿ ಹಾಸಿ, ಮೇಲೆ ಹಲಗೆ ಹೊಡೆದು, ತಗಡು ಮುಚ್ಚಿದರೆ ಮನೆ. ಕಷ್ಟವಿದ್ದದ್ದು ಆ ಮನೆಯನ್ನು ಒಂದು ಕಡೆ ನಿಲ್ಲಿಸುವುದರಲ್ಲಿ. ಎಣ್ಣೆ ಬಾವಿ ಬತ್ತಿತೆಂದರೆ ಮನೆಯ ಕೆಳಗೆ ಗಾಲಿ ಕೊಟ್ಟು, ಲಾರಿಗೆ ಸರಪಳಿ ಬಿಗಿದು, ಮುಂದಿನ ಬಾವಿಯ ಹತ್ತಿರಕ್ಕೆ ಎಳೆದುಕೊಂಡು ಹೋಗುವುದು ರೂಢಿ. ಹೀಗೆ ಮನೆ ಎಳೆಯುವುದೇ ವರ್ಲೀ ಸ್ಟಾಕರ್ಡಳ ಗಂಡ ಡಾಲ್ಫನ ಕಸುಬು. ಊರು ಕಿತ್ತು ಹೋಗುವ ದಿನಗಳೇ ಅವನಿಗೆ ಸುಗ್ಗಿ. ಗಂಡನ ಸುಗ್ಗಿ ಬಂದಾಗಲೆಲ್ಲ ಹೆಂಡತಿಗೆ ಮೈ ಉರಿಯುತ್ತಿತ್ತು.

ಉರಿಯುವುದಕ್ಕೆ ಕಾರಣವಿತ್ತು. ಈಗಿರುವ ಪಾರ್ಡಿ ಎಂಬ ಊರಿಗೆ ಬರುವ ಮುಂಚೆ ಅವರು ಹದಿನಾಲ್ಕು ಮೈಲಿ ಆಚೆಯ ಬ್ಯಾಸ್ಕಮ್ಮಿನಲ್ಲಿದ್ದರು. ಅಲ್ಲಿ ಅವರ ಮೊದಲ ಮಗಳು ಐವಾ, ಆಗಷ್ಟೇ ತೊದಲು ಮಾತು ಕಲಿಯುತ್ತಿದ್ದ ಕೂಸು, ಭೇದಿ ಹತ್ತಿ ತೀರಿಕೊಂಡಿತು. ಎಣ್ಣೆ ಊರುಗಳಲ್ಲಿ ಸ್ಮಶಾನ ಇರುತ್ತಿರಲಿಲ್ಲ. ಸತ್ತವರನ್ನು ಪೆಟ್ಟಿಗೆಯಲ್ಲಿಟ್ಟು ರೈಲಿನಲ್ಲಿ ಅವರವರ ಊರಿಗೆ ಕಳಿಸುತ್ತಿದ್ದರು. ದುಡಿಯಲು ಬಂದ ಜಾಗದಲ್ಲಿ ಯಾರಾದರೂ ಹೂಳುತ್ತಾರೆಯೇ ಎಂಬ ಭಾವನೆ ಜನರದು. ವರ್ಲೀಗೂ ಡಾಲ್ಫನಿಗೂ ಕಳಿಸಲು ಊರೇ ಇರಲಿಲ್ಲ. ಇಬ್ಬರೂ ಗಾಲಿಯ ಮೇಲೆ ಬೆಳೆದವರು. ಕೊನೆಗೆ ಶಾಲೆಯ ಟೀಚರಮ್ಮ, ಕೂಸನ್ನು ಶಾಲೆಯ ಮೆಟ್ಟಿಲ ಪಕ್ಕದಲ್ಲೇ ಮಲಗಿಸಿರಿ, ಮಕ್ಕಳ ಗಲಾಟೆ ಕೇಳಿಸುತ್ತಿರುತ್ತದೆ ಎಂದಳು. ಹಾಗೇ ಮಾಡಿದರು. ಆ ಮೂರು ಮೆಟ್ಟಿಲನ್ನು ಸಿಮೆಂಟಿನಲ್ಲಿ ಎರಕ ಹೊಯ್ದವನು ಡಾಲ್ಫನೇ.

ಮರುವರ್ಷ ಬಾವಿಗಳು ಬತ್ತಿ ಬ್ಯಾಸ್ಕಮ್ ಗಂಟುಮೂಟೆ ಕಟ್ಟಿತು. ಉಳಿದದ್ದು ಶಾಲೆಯೊಂದೇ. ಅದು ಎಣ್ಣೆ ಕಂಪನಿಯದಾಗಿರಲಿಲ್ಲ, ಜನ ಕೈಯಿಂದ ದುಡ್ಡು ಹಾಕಿ ಕಟ್ಟಿದ್ದು. ಎಲ್ಲರದೂ ಆದದ್ದರಿಂದ ಯಾರೂ ಒಯ್ಯಲಿಲ್ಲ. ಐವಾಳ ತಲೆಯ ಬಳಿ ನೆಟ್ಟ ಹಲಗೆಯನ್ನು ಅಲೆಮಾರಿ ಯಾರೋ ಕಿತ್ತು ಚಳಿ ಕಾಸಿಕೊಂಡ. ಆಮೇಲೆ ನೆಟ್ಟ ಕಬ್ಬಿಣದ ಕೊಳವೆ ಗುಜರಿಯವರ ಪಾಲಾಯಿತು. ಹುಡುಕಿದರೂ ಕಲ್ಲು ಸಿಕ್ಕದ ಮರಳು ಸೀಮೆ ಅದು, ಮರಳೂ ಒಂದೆಡೆ ನಿಲ್ಲುವುದಿಲ್ಲ. ಮೆಟ್ಟಿಲ ಎಡಗಡೆ ಒಂದು ಮಾರು ದೂರ ಎನ್ನುವುದೊಂದೇ ಗುರುತು. ಪಾರ್ಡಿಗೆ ಬಂದ ದಿನವೇ ವರ್ಲೀ, ಇನ್ನು ನನ್ನನ್ನು ಯಾವ ಊರಿನಿಂದಲೂ ಎಳೆಯಬೇಡ ಎಂದು ಗಂಡನಿಗೆ ಹೇಳಿಬಿಟ್ಟಳು. ಡಾಲ್ಫ್ ಹ್ಞೂಂ ಅಂದ. ಹೆಂಡತಿಗೆ ಹ್ಞೂಂ ಅನ್ನುವುದು ಅವನಿಗೆ ಉಸಿರಾಡಿದಷ್ಟೇ ಸಲೀಸು.

ಪಾರ್ಡಿ ಎಲ್ಲಾ ಎಣ್ಣೆ ಊರುಗಳ ಹಾಗೇ ಬೆಳೆಯಿತು, ಎಂದರೆ ಸಭ್ಯರ ಹಾಗಲ್ಲ. ಮೊದಲು ಗುಡಾರ, ಆಮೇಲೆ ಹಲಗೆಮನೆ, ಆಮೇಲೆ ಕಳ್ಳ ಹೆಂಡದಂಗಡಿ, ಅದರ ಪಾಪ ತೊಳೆಯಲು ಚರ್ಚು. ಎಲ್ಲಿ ನೋಡಿದರೂ ಬಾವಿಯ ಮರದ ಗೋಪುರಗಳು, ಒಗೆದು ಹಾಕಿದ ಬಟ್ಟೆಯ ಮೇಲೆ ಎಣ್ಣೆಯ ಹನಿ. ವರ್ಲೀ ಬಾವಿಯ ಕೆಲಸಗಾರರಿಗೆ ಊಟ ಹಾಕುತ್ತಿದ್ದಳು. ಹಂದಿಮಾಂಸ ಬೆರೆತ ಕಾಳು, ಜೋಳದ ಬ್ರೆಡ್ಡು, ಕುದಿಕುದಿಯುವ ಕಾಫಿ. ಅಷ್ಟರಲ್ಲಿ ಮಗ ರಾಯ್ಸ್ ಹುಟ್ಟಿ ಬೆಳೆದ. ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಳ್ಳುವ ಜನ ಅಲ್ಲಿ ಯಾರೂ ಇರಲಿಲ್ಲ; ಎಣ್ಣೆ ಹೋದಾಗ ಕಣ್ಣು ತೆರೆದು ನೋಡುವ ಧೈರ್ಯವೂ ಯಾರಿಗೂ ಇರಲಿಲ್ಲ.

ಎಣ್ಣೆ ಹೋಗಲಿಲ್ಲ, ಎಣ್ಣೆಯ ಬೆಲೆ ಹೋಯಿತು. ಮೂವತ್ತೊಂದನೇ ಇಸವಿಯ ಬೇಸಿಗೆಯಲ್ಲಿ ಒಂದು ಪೀಪಾಯಿ ಎಣ್ಣೆಗಿಂತ ಒಂದು ಬಟ್ಟಲು ಮಾಂಸದ ಸಾರು ದುಬಾರಿಯಾಗಿತ್ತು. ಪಾರ್ಡಿಯ ಬಾವಿಗಳಿಗೆ ಬೀಗ ಬಿತ್ತು. ಉತ್ತರದ ಹೊಸ ಬಯಲಿನಲ್ಲಿ ಕೆಲಸವಿದೆಯಂತೆ ಎಂದು ಜನ ಗುಳೆ ಎದ್ದರು. ಕಂಪನಿ ತಾನು ಕಟ್ಟಿದ್ದ ಶಾಲೆಯನ್ನೂ ಹೊಸ ಬಯಲಿಗೆ ಎಳೆಸಿತು. ಎಳೆದವನು ಡಾಲ್ಫ್, ಹೊಟ್ಟೆಪಾಡು. ಆ ದಿನ ವರ್ಲೀ ಅವನಿಗೆ ಕಾಫಿ ಕೊಡಲಿಲ್ಲ. ತನ್ನ ಮಗ ಓದಬೇಕಾದ ಶಾಲೆಯನ್ನೇ ಎಳೆದು ಬಂದ ಗಂಡಸಿಗೆ ಬಾವಿಯ ನೀರೇ ಹೆಚ್ಚು ಎಂದಳು.

ಶಾಲೆ ಹೋದ ಮೇಲೆ ಮಕ್ಕಳೊಂದಿಗರಿಗೆ ಊರಲ್ಲಿರಲು ನೆಪವೇ ಇಲ್ಲವಾಯಿತು. ವರ್ಲೀ ಜಿಲ್ಲೆಯ ಕಚೇರಿಗೆ ಹೋಗಿ ಜಗಳ ಕಾದಳು. ಅವರು ಒಂದೇ ಮಾತು ಹೇಳಿದರು: ಸೆಪ್ಟೆಂಬರಿನ ಹೊತ್ತಿಗೆ ಕಟ್ಟಡ ನಿಂತಿದ್ದರೆ ಟೀಚರನ್ನು ಕೊಡುತ್ತೇವೆ, ಕಟ್ಟಡ ಮಾತ್ರ ನಮ್ಮನ್ನು ಕೇಳಬೇಡಿ. ಮರ ಕೊಳ್ಳಲು ಊರಲ್ಲಿ ಯಾರ ಬಳಿಯೂ ಕಾಸಿಲ್ಲ. ಅವಳು ದಾರಿಯುದ್ದಕ್ಕೂ ಯೋಚಿಸಿದಳು, ಮನೆಗೆ ಬರುವಷ್ಟರಲ್ಲಿ ತೀರ್ಮಾನವಾಗಿತ್ತು. ತೀರ್ಮಾನವೇನೋ ಆಗಿತ್ತು, ಆದರೆ ಬಾಗಿಲ ಹೊರಗೇ ನಿಂತು ಸ್ವಲ್ಪ ಹೊತ್ತು ಅತ್ತು ಒಳಗೆ ಬಂದಳು.

"ಬ್ಯಾಸ್ಕಮ್ ಶಾಲೆ ಎಳ್ಕೊಂಡು ಬಾ," ಅಂದಳು.

ಊಟಕ್ಕೆ ಕೂತಿದ್ದ ಡಾಲ್ಫ್ ಚಮಚ ಕೆಳಗಿಟ್ಟ. "ತಲೆ ನೆಟ್ಟಗಿದೆಯಾ ನಿಂಗೆ?"

"ನೆಟ್ಟಗಿದೆ. ಅದು ನಾವೇ ಕಟ್ಟಿದ್ದು. ಯಾರೂ ಕೇಳೋರಿಲ್ಲ."

"ಕೇಳೋರ ಮಾತಲ್ಲ ಕಣೆ. ಅದನ್ನ ಎತ್ತಿಬಿಟ್ರೆ ಐವಾ ಎಲ್ಲಿದ್ದಾಳೆ ಅಂತ ಹೆಂಗೆ ಹುಡುಕ್ತೀಯ? ಆ ಮರಳಲ್ಲಿ ಅದೊಂದೇ ಗುರುತು. ಊರಿಂದ ಊರಿಗೆ ಮನೆ ಎಳೀವಾಗೆಲ್ಲ ನಾನು ಸುತ್ತು ಹಾಕ್ಕೊಂಡು ಆ ದಾರೀಲೇ ಬರ್ತೀನಿ. ದೂರದಿಂದ ಆ ಸೂರು ಕಂಡ್ರೆ ಸಾಕು ನಂಗೆ."

ಇದು ವರ್ಲೀಗೆ ಗೊತ್ತಿರಲಿಲ್ಲ. ಕೂಸು ಹೋದ ಮೇಲೆ ಅದರ ಹೆಸರನ್ನು ಅವನು ಎತ್ತಿದ್ದೇ ಇಲ್ಲ. ಮರೆತಿದ್ದಾನೆ ಎಂದುಕೊಂಡು ಇಷ್ಟು ದಿನ ಒಳಗೊಳಗೇ ಸಿಟ್ಟು ಮಾಡಿಕೊಂಡಿದ್ದಳು. ಈಗ ಅವನ ಮೇಲೆ ಎಷ್ಟು ಪ್ರೀತಿ ಉಕ್ಕಿತೆಂದರೆ, ಹಟ ಬಿಟ್ಟುಬಿಡಲೇ ಎಂದು ಒಂದು ಗಳಿಗೆ ಅನ್ನಿಸಿತು. ಬಿಡಲಿಲ್ಲ.

"ಮೆಟ್ಟಿಲನ್ನೂ ಎತ್ಕೊಂಡು ಬರ್ತೀಯಾ?" ಎಂದು ಕೇಳಿದಳು.

"ಮೆಟ್ಟಿಲನ್ನ ಯಾರೂ ಎತ್ತಲ್ಲ. ಸಿಮೆಂಟು ಅದು, ಎತ್ತಿದ್ರೆ ಒಡೆದು ಹೋಗುತ್ತೆ. ಯಾವ ಊರಲ್ಲಾದ್ರೂ ಅಷ್ಟೆ, ಮೆಟ್ಟಿಲು ಬಿಟ್ಟೇ ಬರೋದು."

"ಹಂಗಾದ್ರೆ ಮೆಟ್ಟಿಲು ಅಲ್ಲೇ ಇರುತ್ತೆ."

"ಎಷ್ಟು ದಿನ ಇರುತ್ತೆ? ಗೋಡೆ ಗಾಳಿ ತಡೀತಿದೆ ಅಂತ ಈಗ ಕಾಣ್ತಿದೆ. ಗೋಡೆ ಹೋದ್ರೆ ಮರಳು ಮುಚ್ಚಿಹಾಕುತ್ತೆ."

"ನಾನು ಹೋಗಿ ಗುಡಿಸ್ತೀನಿ."

"ಬದುಕಿರೋ ತನಕಾನಾ?"

"ಬದುಕಿರೋ ತನಕ. ಹೋದೋಳು ಕಾಯ್ತಾಳೆ ಡಾಲ್ಫ್. ಇರೋನು ಕಾಯಲ್ಲ, ಅವನಿಗೆ ಆರು ತುಂಬಿದೆ. ಈ ಊರೂ ಎದ್ದು ಹೋಯ್ತು ಅನ್ಕೋ, ಆಮೇಲೆ ಅವಳನ್ನ ನೋಡೋಕೆ ಹತ್ತಿರದಲ್ಲಿ ನಾವಾದ್ರೂ ಎಲ್ಲಿರ್ತೀವಿ?"

ಅವನು ಹ್ಞೂಂ ಅನ್ನಲಿಲ್ಲ. ಎದ್ದು ಹೋಗಿ ಮನೆ ಎತ್ತುವ ಜಾಕಿಗಳಿಗೆ ಗ್ರೀಸು ಹಚ್ಚತೊಡಗಿದ.

ಶಾಲೆ ಎತ್ತುವ ದಿನ ವರ್ಲೀ ಅಲ್ಲೇ ಇದ್ದಳು. ಜಾಕಿ ತಿರುಗಿದಂತೆಲ್ಲ ಕಟ್ಟಡ ಕಿರುಗುಟ್ಟುತ್ತ ಮೆಟ್ಟಿಲಿನಿಂದ ಬೇರೆಯಾಯಿತು. ನಡುವೆ ಬೆಳಕು ಕಂಡಿತು. ಶಾಲೆ ಹೊರಟ ಮೇಲೆ ಮೂರು ಮೆಟ್ಟಿಲು ಬಯಲಿನಲ್ಲಿ ಬೆತ್ತಲೆ ನಿಂತವು. ಅವಳು ಅವನ್ನೊಮ್ಮೆ ಗುಡಿಸಿ, ಓಡಿಬಂದು, ಚಲಿಸುತ್ತಿದ್ದ ಶಾಲೆಯ ಬಾಗಿಲಿಗೆ ಹತ್ತಿಕೊಂಡಳು.

ಅರ್ಧ ದಾರಿಗೆ ಎದುರಿಗೆ ಇನ್ನೊಂದು ಮನೆ ಬಂತು. ಅದು ವರ್ಲೀಯ ಪಕ್ಕದ ಮನೆಯ ಜೂಯೆಲ್ ಟೀಗ್ ಎಂಬವಳದು. ಕಿಟಕಿಗೆ ಪರದೆ ಹಾಗೇ ಇತ್ತು, ಜಗುಲಿಯಲ್ಲಿ ಕೋಳಿಗಳ ಪಂಜರ, ಅದರ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಜೂಯೆಲ್ ತಾನೇ ಕೂತಿದ್ದಳು. ಮುಂದೆ ಲಾರಿಯಲ್ಲಿ ಅವಳ ಗಂಡ ಹಬ್. ದಾರಿಯಲ್ಲಿ ಒಂದೇ ಮನೆ ಹಿಡಿಸುತ್ತಿತ್ತು. ಹಗುರದ್ದು ಭಾರದ್ದಕ್ಕೆ ದಾರಿ ಬಿಡಬೇಕು ಎನ್ನುವುದು ಮನೆ ಎಳೆಯುವವರ ಕಟ್ಟಳೆ. ಹಬ್ ಗೊಣಗುತ್ತಲೇ ಪಕ್ಕಕ್ಕೆ ತಿರುಗಿಸಿದ, ಗಾಲಿಗಳು ಮರಳಿನಲ್ಲಿ ಅಚ್ಚಿನವರೆಗೂ ಹೂತವು. ಜೂಯೆಲ್‌ಳ ಜಗುಲಿಯೂ ಶಾಲೆಯ ಬಾಗಿಲೂ ಅಕ್ಕಪಕ್ಕ ನಿಂತವು, ಪಾರ್ಡಿಯಲ್ಲಿ ಅವರಿಬ್ಬರ ಮನೆಗಳು ನಿಂತಿದ್ದ ಹಾಗೇ.

"ಎಲ್ಲಾ ಹೊರಗೆ ಹೋಗ್ತಿದ್ರೆ ನೀನು ಒಳಕ್ಕೆ ತರ್ತಿದ್ದೀಯಲ್ಲೇ," ಅಂದಳು ಜೂಯೆಲ್. "ನಿಂಗೇನು ಗ್ರಹಚಾರ?"

"ಶಾಲೆ ತರ್ತಿದ್ದೀನಿ. ನಿನ್ನ ನಾಲ್ಕು ಮಕ್ಕಳು ಆ ಹೊಸ ಬಯಲಲ್ಲಿ ಏನು ಓದ್ತಾವೆ, ಕೋಳಿ ಪಂಜರಾನಾ?"

ಜೂಯೆಲ್ ಶಾಲೆಯ ಕಡೆ ನೋಡಿದಳು. ಬ್ಯಾಸ್ಕಮ್ಮಿನಲ್ಲಿ ಅವಳೂ ಇದ್ದವಳು, ಕೂಸನ್ನು ಮಲಗಿಸಿದ ದಿನ ವರ್ಲೀಯ ಕೈ ಹಿಡಿದುಕೊಂಡಿದ್ದವಳು. "ಅಯ್ಯೋ ವರ್ಲೀ. ಐವಾ ಪಕ್ಕದ್ದಲ್ವೇನೇ ಇದು?"

"ಅದೇ."

ಹೂತ ಮನೆಯನ್ನು ಮೇಲೆತ್ತಲು ಡಾಲ್ಫನ ಸರಪಳಿಯೇ ಬೇಕಾಯಿತು. ಯಾವ ಕಡೆಗೆ ಎಳೆಯಲಿ ಎಂದು ಅವನು ಕೇಳಿದಾಗ, ಹಬ್ ಉತ್ತರದ ಕಡೆಗೆ ಕೈ ತೋರಿಸಿದ. ಜೂಯೆಲ್ ಕುರ್ಚಿಯನ್ನು ಪಾರ್ಡಿಯ ಕಡೆಗೆ ತಿರುಗಿಸಿಕೊಂಡು ಕೂತಳು. ಮನೆ ಪಾರ್ಡಿಗೆ ವಾಪಸು ಬಂತು. ಹಬ್ ಒಂದು ವಾರ ಯಾರೊಂದಿಗೂ ಮಾತಾಡಲಿಲ್ಲ, ಆದರೆ ಶಾಲೆಯ ಸೂರಿಗೆ ತಗಡು ಹೊಡೆದವನು ಅವನೇ.

ಟೀಚರ್ ಬಂದಳು. ಹೊರಡಲು ಗಾಲಿ ಕಟ್ಟಿಸಿದ್ದ ಕೆಲವು ಮನೆಗಳು ಗಾಲಿ ಬಿಚ್ಚಿಸಿದವು. ಎಲ್ಲ ಅಲ್ಲ. ಆ ಚಳಿಗಾಲ ಪಾರ್ಡಿ ಗಂಜಿ ಕುಡಿದು ಬದುಕಿತು ಎನ್ನಬೇಕು. ಬೆಲೆ ಮತ್ತೆ ಏರಿದಾಗ ಹೊಸಬರು ಹುಡುಕಿಕೊಂಡು ಬಂದದ್ದು ಶಾಲೆ, ಅಂಗಡಿ, ವೈದ್ಯ ಇದ್ದ ಊರಿಗೆ. ಆಮೇಲೆ ಯುದ್ಧ ಬಂತು, ಇಡೀ ಜಗತ್ತಿಗೆ ಎಣ್ಣೆ ಬೇಕಾಯಿತು. ಪಾರ್ಡಿಗೆ ಡಾಂಬರು ಬಂತು, ಆಸ್ಪತ್ರೆ ಬಂತು, ಐವತ್ತರ ದಶಕದಲ್ಲಿ ಬ್ಯಾಂಕಿನ ಎತ್ತರದ ಕಟ್ಟಡ ಎದ್ದಿತು, ಅದರ ಪಕ್ಕದಲ್ಲಿ ಅದಕ್ಕಿಂತ ಒಂದು ಮಹಡಿ ಹೆಚ್ಚಿನದೊಂದು, ಹೊಟ್ಟೆಕಿಚ್ಚಿಗೆ. ಹಲಗೆಯ ಶಾಲೆ ಗ್ರಂಥಾಲಯವಾಯಿತು, ಆಮೇಲೆ ಮತ ಹಾಕುವ ಕೋಣೆಯಾಯಿತು, ಆಮೇಲೆ ಗೆದ್ದಲಿನ ಪಾಲಾಯಿತು. ಅದಕ್ಕಾಗಿ ವರ್ಲೀ ಅಳಲಿಲ್ಲ, ಅದರ ಕೆಲಸ ಅದು ಮಾಡಿತ್ತು.

ಅವಳ ಕೆಲಸ ಮಾತ್ರ ಮುಗಿಯಲಿಲ್ಲ. ಪ್ರತಿ ವರ್ಷ ಮಾರ್ಚಿಯ ಬಿರುಗಾಳಿ ನಿಂತ ಮೇಲೆ ಪೊರಕೆ ಹಿಡಿದು ಬ್ಯಾಸ್ಕಮ್ಮಿಗೆ ಹೋಗುತ್ತಿದ್ದಳು. ಕೆಲವು ಸಲ ಮೇಲಿನ ಮೆಟ್ಟಿಲು ಮಾತ್ರ ಕಾಣುತ್ತಿತ್ತು, ಒಂದು ಸಲ ಅದೂ ಇಲ್ಲದೆ ಸಲಿಕೆಯಿಂದ ತಡಕಬೇಕಾಯಿತು. ಸಿಕ್ಕಾಗ ಸಲಿಕೆ ಎಸೆದು ಮರಳಿನಲ್ಲೇ ಕೂತು ನಕ್ಕಳು. ಇಲ್ಲದ ಮನೆಯ ಮೆಟ್ಟಿಲು ಗುಡಿಸುವವಳು ಎಂದು ಊರು ಅವಳಿಗೆ ಹೆಸರಿಟ್ಟಿತ್ತು. ಇರೋ ಮನೆ ಗುಡಿಸೋಕೆ ನಿಮ್ಮ ಮನೆಗೂ ಬರ್ತೀನಿ, ಧೂಳು ಕಿಟಕಿಯಿಂದಾನೇ ಕಾಣುತ್ತೆ ಎಂದು ಅವಳು ತಿರುಗಿ ಹೇಳುತ್ತಿದ್ದಳು. ಡಾಲ್ಫ್ ಇರುವ ತನಕ ಜೊತೆಗೆ ಬಂದ. ಅವನು ಹೋದಾಗ ಪಾರ್ಡಿಗೆ ದೊಡ್ಡ ಸ್ಮಶಾನವಿತ್ತು. ಈಗ ಯಾರನ್ನೂ ರೈಲಿನಲ್ಲಿ ಕಳಿಸುತ್ತಿರಲಿಲ್ಲ. ಕೊನೆಯ ದಿನಗಳಲ್ಲಿ ಅವನು ಕೇಳುತ್ತಿದ್ದದ್ದು ಒಂದೇ, ಮೆಟ್ಟಿಲು ಕಾಣ್ತಿದ್ವಾ ಎಂದು.

ಎಪ್ಪತ್ತೊಂಬತ್ತರಲ್ಲಿ ಅವಳು ಎಂದಿನಂತೆ ಹೊರಟಾಗ ಕಾರು ಓಡಿಸುತ್ತಿದ್ದವನು ರಾಯ್ಸ್, ಅವನ ತಲೆಯೂ ನರೆತಿತ್ತು. ಊರು ಮುಗಿಯಲೇ ಇಲ್ಲ. ಅಂಗಡಿ ಸಾಲು, ಮನೆ ಸಾಲು, ಮತ್ತೆ ಅಂಗಡಿ. ಎಣ್ಣೆಯ ಬೆಲೆ ಆಕಾಶಕ್ಕೇರಿದ್ದ ಕಾಲ ಅದು. ಬ್ಯಾಸ್ಕಮ್ಮಿನಲ್ಲಿ ಬುಲ್‌ಡೋಜರುಗಳು ಮರಳನ್ನು ಮಟ್ಟ ಮಾಡುತ್ತಿದ್ದವು, ಅಳತೆಯ ಗೂಟಗಳು ನೆಟ್ಟಿದ್ದವು. ವರ್ಲೀ ಇಳಿದು ಮೆಟ್ಟಿಲು ಗುಡಿಸಿ, ಅದರ ಮೇಲೆ ಕೂತಳು.

ಕೆಲಸದ ಮೇಲ್ವಿಚಾರಕ ನೀಡಮ್ ಟೋಪಿ ತೆಗೆದು ಹತ್ತಿರ ಬಂದ. "ಅಮ್ಮಾವ್ರೇ, ಇಲ್ಲಿ ಕೂರೋಹಂಗಿಲ್ಲ. ಇಲ್ಲಿ ರಸ್ತೆ ಬರುತ್ತೆ."

"ಬರಲಿ. ಸ್ವಲ್ಪ ಆ ಕಡೆ ಬರಲಿ."

"ನಕ್ಷೆ ಆಗಿಹೋಗಿದೆ. ಯಾರದೋ ಹಳೇ ಮನೆ ಮೆಟ್ಟಿಲಿಗೋಸ್ಕರ ರಸ್ತೆ ಬಗ್ಗಿಸೋಕಾಗುತ್ತಾ?"

"ಮೆಟ್ಟಿಲಿಗೋಸ್ಕರ ಅಲ್ಲಪ್ಪ." ಅವಳು ಪೊರಕೆಯಿಂದ ಎಡಗಡೆಯ ಮಣ್ಣು ತೋರಿಸಿದಳು. "ಇಲ್ಲಿ ನನ್ನ ಮಗಳು ಮಲಗಿದ್ದಾಳೆ. ನಿಮ್ಮ ಊರು ನಿಲ್ಲಲಿ ಅಂತ ಅವಳ ತಲೆ ಮೇಲಿದ್ದ ಸೂರು ಎಳ್ಕೊಂಡು ಹೋದೋಳು ನಾನು. ಇನ್ನೊಂದು ಸಲ ಅವಳಿಂದ ಏನೂ ಕಿತ್ಕೊಳೋದಿಲ್ಲ. ನೀನು ಎಂಜಿನ್ ಶುರು ಮಾಡು, ನಾನು ಏಳಲ್ಲ."

ಉಡದ ಪಟ್ಟು ಎಂದರೇನೆಂದು ನೀಡಮ್ ಆ ಮಧ್ಯಾಹ್ನ ಕಂಡ. ಅವಳಿಗೆ ನೀರು ತಂದುಕೊಟ್ಟ, ನೆರಳಿಗೆ ಛತ್ರಿ ಹಿಡಿಸಿದ, ರಾಯ್ಸನಿಂದ ಪೂರ್ತಿ ಕಥೆ ಕೇಳಿದ. ಸಂಜೆಗೆ ಯಂತ್ರಗಳನ್ನು ನಿಲ್ಲಿಸಿ ಕಚೇರಿಗೆ ಹೋದ. ಬಹಳ ದಿನ ವಾದ ನಡೆಯಿತಂತೆ, ಕೊನೆಗೆ ಹೊಸ ನಕ್ಷೆ ಬಂತು. ಪಾರ್ಡಿಯ ಉತ್ತರದ ಬಡಾವಣೆಯಲ್ಲಿ ನೆಟ್ಟಗೆ ಬಂದ ರಸ್ತೆ ಒಂದು ಕಡೆ ಸುಮ್ಮನೆ ಬಾಗಿ ಮುಂದೆ ಹೋಗುವುದು ಅದಕ್ಕೇ.

ಎರಡು ವರ್ಷ ಕಳೆದು, ಮಾರ್ಚಿಯ ಗಾಳಿ ನಿಂತ ಮೇಲೆ, ವರ್ಲೀ ಪೊರಕೆ ಹಿಡಿದು ಹೋದಳು. ಬೆಳಗಿನ ಹೊತ್ತು. ಸುತ್ತ ಇಟ್ಟಿಗೆಯ ಮನೆಗಳು, ಅಂಗಳದಲ್ಲಿ ಹುಲ್ಲು. ಮೆಟ್ಟಿಲ ಮೇಲೆ ಮಕ್ಕಳ ಹಿಂಡು ಕೂತಿತ್ತು, ಶಾಲೆಯ ಹಳದಿ ಬಸ್ಸಿಗೆ ಕಾಯುತ್ತ. ಗುಡಿಸಲು ಒಂದು ಹಿಡಿ ಮರಳೂ ಇರಲಿಲ್ಲ. ದಿನಾ ಕೂತು ಎದ್ದು ಅವರ ಬಟ್ಟೆಗಳೇ ಮೆಟ್ಟಿಲನ್ನು ಒರೆಸಿದ್ದವು. ಒಬ್ಬ ಪುಟ್ಟ ಹುಡುಗಿ ಸರಿದು ಜಾಗ ಕೊಟ್ಟಳು. ಮುದುಕಿ ಕೂತಳು.

"ಇದು ಯಾರ ಮನೆ ಮೆಟ್ಟಿಲು, ನಿಮ್ಗೆ ಗೊತ್ತಾ?" ಎಂದು ಕೇಳಿದಳು ಹುಡುಗಿ.

"ನನ್ನ ಮಗಳದು."

"ನಾವು ಇಲ್ಲಿ ಗಲಾಟೆ ಮಾಡಿದ್ರೆ ಬೈತಾರಾ?"

"ಇಲ್ಲ ಕಂದ," ಅಂದಳು ವರ್ಲೀ. "ಅವಳು ಕಾಯ್ತಿದ್ದದ್ದೇ ಅದಕ್ಕೆ. ಜೋರಾಗೇ ಮಾಡಿ."

ಬಸ್ಸು ಬರುವ ತನಕ ಅವರು ಮಾಡಿದರು.