ಮಣ್ಣೊಳಗಿನ ಮೂರು ಸಾಲು

"ಆ ಮೂರು ಸಾಲು ಎಲ್ಲಿದ್ದವೋ ಅಲ್ಲೇ ಮಣ್ಣಾಗ ಮುಚ್ಚಿಬಿಡ್ರಿ ಅಕ್ಕೋರೆ. ನಿಮಗೂ ಚಲೋ, ಊರಿಗೂ ಚಲೋ."

"ಮುಚ್ಚಾಕ ಅದೇನು ಹೆಣ ಏನ್ರಿ ದೇಸಾಯರ?"

"ಹೋದ ವರ್ಷ ಇದೇ ಕೈಲೆ ನಿಮಗ ಶಾಲು ಹೊದಿಸೀನಿ. ಉಂಡ ಮನೀ ಜಂತಿ ಎಣಸಬ್ಯಾಡ್ರಿ."

ಗುಡ್ಡದಕೊಪ್ಪದ ಗ್ರಂಥಾಲಯದ ಮೇಜಿನ ಮೇಲೆ, ಇಬ್ಬರ ನಡುವೆ ನಾನು ಬಿದ್ದುಕೊಂಡಿದ್ದೆ. ನಾನು ಒಂದು ಬ್ರಷ್. ಸುಣ್ಣ ಬಳಿಯುವ ಜಾತಿಯದಲ್ಲ, ಬಟ್ಟೆ ತಿಕ್ಕುವ ಜಾತಿಯದೂ ಅಲ್ಲ. ಕಲ್ಲಿಗೆ ಬಡಿಯುವ ಜಾತಿ.

ಹಂದಿಯ ಬೆನ್ನಿನ ಬಿರುಸು ಕೂದಲು, ಮತ್ತಿಮರದ ಹಿಡಿ, ಇಷ್ಟೇ ನನ್ನ ಮೈ. ನನ್ನನ್ನು ಕಟ್ಟಿದವನು ಒಂದೊಂದು ಗೊಂಚಲನ್ನೂ ತಂತಿಯಿಂದ ಎಳೆದು ಬಿಗಿದ. ಆ ಬಿಗಿ ನನ್ನ ಸ್ವಭಾವಕ್ಕೂ ಬಂದಿದೆ. ನಯವಾಗಿ ಮಾತಾಡಲು ನನಗೆ ಬರುವುದಿಲ್ಲ.

ಮೊದಲ ಒಡೆಯ ದಸ್ತಗೀರ್ ಸಾಹೇಬ, ಶಾಸನಗಳ ಅಚ್ಚು ತೆಗೆಯುವ ನೌಕರ. ಕಲ್ಲನ್ನು ತೊಳೆದು, ಒದ್ದೆ ಕಾಗದ ಹಾಸಿ, ನನ್ನಿಂದ ತಪತಪ ಬಡಿಯುತ್ತಿದ್ದ. ಕಾಗದ ಅಕ್ಷರದ ಕುಳಿಯೊಳಗೆ ಇಳಿಯುತ್ತಿತ್ತು. ಮೇಲೆ ಮಸಿ ಒತ್ತಿದರೆ ಕಪ್ಪಿನ ನಡುವೆ ಬೆಳ್ಳಗೆ ಅಕ್ಷರ ಏಳುತ್ತಿತ್ತು. ನಾನು ಶಾಲೆಗೆ ಹೋದದ್ದಿಲ್ಲ. ಇಪ್ಪತ್ತಾರು ವರ್ಷ ಕಲ್ಲಿನ ಎದೆಗೆ ಬಡಿದು ಬಡಿದೇ ಓದು ಕಲಿತೆ.

ನಿವೃತ್ತನಾದಾಗ ಸಾಹೇಬ ನನ್ನನ್ನು ನೀಲಗಂಗಾ ಅಕ್ಕೋರಿಗೆ ಕೊಟ್ಟ. ಈಕೆ ಊರ ಶಾಲೆಯ ಮಾಸ್ತರಿಣಿ. ಸತ್ತು ಮುನ್ನೂರು ವರ್ಷವಾದವರ ಜೀವನಚರಿತ್ರೆ ಬರೆಯುವ ಹುಚ್ಚು. ಕೊಡುವಾಗ ಸಾಹೇಬ ಒಂದೇ ಮಾತು ಹೇಳಿದ್ದ: "ಅಕ್ಕೋರೆ, ಕಲ್ಲಿನ ಬುಡ ನೋಡದs ಕಲ್ಲು ಓದೀನಿ ಅನಬ್ಯಾಡ್ರಿ."

ಅಕ್ಕೋರು ಆ ಮಾತು ಮರೆತರು. ಕೋಟೆ ಬಾಗಿಲಿನ ಕಲ್ಲು ಸೊಂಟದವರೆಗೆ ಹೂತಿತ್ತು. ಮೇಲಿದ್ದಷ್ಟನ್ನು ಬಡಿದೆವು. 'ವೀರಸಂಗ ದೇಸಾಯಿಯ ಕೋಟೆಗೆ ಮುತ್ತಿಗೆ ಬೀಳಲು, ಹನ್ನೆರಡು ದಿನ ಬಾಗಿಲು ಕಾದು ಮಡಿದ ವೀರನ ಕಲ್ಲು.' ವೀರ ಯಾರು? ದೇಸಾಯಿಯೇ, ಮತ್ತ್ಯಾರು ಎಂದಿತು ಊರು. ಅಕ್ಕೋರು ಬರೆದ ವೀರಸಂಗನ ಚರಿತ್ರೆಯ ಬಿಡುಗಡೆಗೆ ದಿನ ಗೊತ್ತುಮಾಡಿಬಿಟ್ಟಿದ್ದರು, ಅಗೆಯಲು ಪುರುಸೊತ್ತಿರಲಿಲ್ಲ. ಪುಸ್ತಕ ಬಂತು. ಮನೆಮನೆಯಲ್ಲೂ ಓದಿದರು. ವೀರಸಂಗನ ವಂಶದ ಹಾಲಪ್ಪ ದೇಸಾಯರು ಶಾಲು ಹೊದಿಸಿದರು. ಅಕ್ಕೋರ ಮುಖ ಆ ದಿನ ಅರಳಿದ್ದನ್ನು ನಾನು ಚೀಲದ ಬಾಯಿಂದ ನೋಡಿದೆ.

ಮರುವಾರ ದಸ್ತಗೀರ್ ಸಾಹೇಬನ ಕಾರ್ಡು ಬಂತು: 'ಪುಸ್ತಕ ಓದಿದೆ. ಚಲೋ ಐತಿ. ಬುಡ ನೋಡಿದಿರಾ?'

ಅಕ್ಕೋರು ಉರಿದುಬಿದ್ದರು. "ಮುದುಕಗ ಹೊಟ್ಟೆಕಿಚ್ಚು" ಎಂದು ಕಾರ್ಡನ್ನು ಪಂಚಾಂಗದೊಳಗೆ ತುರುಕಿದರು. ಎರಡು ತಿಂಗಳು ಅದರತ್ತ ನೋಡಲಿಲ್ಲ. ಆಮೇಲೆ ಒಂದು ಭಾನುವಾರ, ಯಾರಿಗೂ ಹೇಳದೆ, ಗುದ್ದಲಿ ಹೊತ್ತು ಕೋಟೆ ಬಾಗಿಲಿಗೆ ನಡೆದರು. ಮೊಣಕಾಲುದ್ದ ಅಗೆದಾಗ ಮೂರು ಸಾಲು ಸಿಕ್ಕವು. ನಾನೇ ಬಡಿದೆ, ಕಾಗದದ ಮೇಲೆ ಒಂದೊಂದೇ ಅಕ್ಷರ ಎದ್ದು ಬಂತು.

'ಆ ವೀರನು ತಳವಾರ ಯಂಕ. ವೀರಸಂಗನಾದ ನಾನು ಒಂಬತ್ತನೆಯ ದಿನ ಹಿಂದಿನ ದಿಡ್ಡಿ ಬಾಗಿಲಿನಿಂದ ಹೋಗಿ ಬದುಕಿದೆನು. ಇದನ್ನು ನಾನೇ ಬರೆಸಿದೆನು.'

ಅಕ್ಕೋರು ಅಗೆದ ಮಣ್ಣಿನ ಮೇಲೆಯೇ ಕೂತುಬಿಟ್ಟರು. ಆಮೇಲೆ ನನ್ನ ಕೂದಲಿಗಂಟಿದ ಮಣ್ಣನ್ನು ಸೆರಗಿನಿಂದ ಒರೆಸಿದರು.

ಆ ಕಾಗದವನ್ನೇ ಹಿಡಿದು, ನಾನು ಮೊದಲು ಹೇಳಿದ ಆ ದಿನ, ಗ್ರಂಥಾಲಯಕ್ಕೆ ಬಂದಿದ್ದರು. ಎರಡನೆಯ ಮುದ್ರಣ ಮಾಡಿಸುವವರು ಹಾಲಪ್ಪ ದೇಸಾಯರು. ಒಂದು ಅಕ್ಷರವೂ ಬದಲಾಗಬಾರದು ಎಂಬುದು ಅವರ ಹಟ.

"ನಮ್ಮ ಮುತ್ಯಾ ಓಡಿಹೋದ ಅಂತ ನಾನs ಅಚ್ಚು ಹಾಕಿಸಲೇನು?" ಎಂದರು ದೇಸಾಯರು. "ಮಂದಿ ನಮಗ ನಗೂದು ಆಮ್ಯಾಲೆ. ಮೊದಲು ನಿಮಗs ನಗತಾರ. ಸುಳ್ಳು ಬರದಾಕಿ ಅಂತಾರ."

"ಅನ್ನಲಿ. ಸುಳ್ಳು ಬರದದ್ದು ಖರೇನs ಐತಲ್ಲ."

"ಅಕ್ಕೋರೆ, ಹೆಸರು ಹೋಗತೈತಿ."

"ನಿಮ್ಮ ಮುತ್ಯಾ ತಾನು ಓಡಿಹೋದದ್ದನ್ನ ತಾನs ಕಲ್ಲಿನ ಮ್ಯಾಲೆ ಕೆತ್ತಿಸ್ಯಾನ್ರಿ. ಅಂಥಾ ಎದೆ ಈ ಸೀಮ್ಯಾಗ ಇನ್ನೊಬ್ಬಗ ಇತ್ತೇನು? ಅದನ್ನ ಬಿಟ್ಟು ಬಾಗಿಲದಾಗ ಸತ್ತ ಅಂತ ಬರದು ಅವನ್ನ ಸಣ್ಣಾಂವನ್ನ ಮಾಡೀನಿ ನಾನು. ಅಂವ ಕಲ್ಲಿನ ಮ್ಯಾಲೆ ಬರಸಿದ್ದನ್ನ ಕಾಗದದ ಮ್ಯಾಲೆ ಬರಿಯಾಕ ನನಗೇನು ಧಾಡಿ?"

ದೇಸಾಯರು ಕಿಟಕಿಯ ಕಡೆ ತಿರುಗಿ ಕೂತರು. "ನನ್ನ ಕೈಲೆ ಆಗೂದಿಲ್ಲ" ಎಂದರು.

ಅಕ್ಕೋರು ಚೀಲದಿಂದ ಶಾಲು ತೆಗೆದು, ಮಡಿಕೆ ಸರಿಮಾಡಿ ಮೇಜಿನ ಮೇಲಿಟ್ಟರು. ಅದರ ಮೇಲೆ ನನ್ನನ್ನಿಟ್ಟರು. "ಈ ಬ್ರಷ್ ಇಲ್ಲೇ ಇರಲಿ. ಅನುಮಾನ ಬಂದವರು ಒಯ್ದು, ತಾವs ಬಡದು ನೋಡಲಿ."

ಈಗ ಗ್ರಂಥಾಲಯದ ಗಾಜಿನ ಕಪಾಟಿನಲ್ಲಿದ್ದೇನೆ. ಕೂದಲು ಅರ್ಧ ಸವೆದಿದೆ. ಪಕ್ಕದಲ್ಲಿ ಹಳೆಯ ಪುಸ್ತಕವಿದೆ. ತಿದ್ದಿದ ಪುಸ್ತಕ ಬೇರೆ ಊರಿನಲ್ಲಿ ಅಚ್ಚಾಗಿ ಅಂಚೆಯಲ್ಲಿ ಬಂತು; ಅದನ್ನು ಹಿಂದಿನ ಸಾಲಿಗೆ ತಳ್ಳಿದ್ದಾರೆ. ತಳ್ಳಲಿ. ಸೆರಗು ಎಷ್ಟು ಒರೆಸಿದರೂ ಹೋಗದ ಕೆಮ್ಮಣ್ಣು ನನ್ನ ಕೂದಲ ಬುಡದಲ್ಲಿ ಇನ್ನೂ ಇದೆ. ಒಂದು ಕೈ ಬಂದರೆ ಸಾಕು, ಮತ್ತೆ ಬಡಿಯುತ್ತೇನೆ.

ಅಂದು ಅಕ್ಕೋರು ಕಾಗದದ ಸುರುಳಿಯನ್ನು ಕಂಕುಳಲ್ಲಿ ಇರುಕಿಕೊಂಡು, ಹೊಸ್ತಿಲ ಹೊರಗೆ ಚಪ್ಪಲಿ ಮೆಟ್ಟಿ, ಬಿಸಿಲಿಗಿಳಿದರು. ದೇಸಾಯರು ಒಮ್ಮೆ "ಅಕ್ಕೋರೆ" ಎಂದು ಕರೆದರು. ಆಕೆ ನಿಲ್ಲಲಿಲ್ಲ. ಮತ್ತೆ ಆ ಹೊಸ್ತಿಲು ತುಳಿಯಲಿಲ್ಲ.