ಪೀಟರಪ್ಪನ ಗುಲ್ಕನ್ ಬನ್ನು

ಎರಡೂ ಕೈಯ ಹೆಬ್ಬೆರಳು, ತೋರುಬೆರಳುಗಳನ್ನು ಸೇರಿಸಿ ನನ್ನ ಗಂಡ ಮುಕುಂದ ಗಾಳಿಯಲ್ಲಿ ಒಂದು ದುಂಡು ಮಾಡುತ್ತಿದ್ದರು.

"ಇಷ್ಟು ದೊಡ್ಡದು. ಮುರಿದರೆ ಗುಲ್ಕನ್ ಕೆಂಪಗೆ ಇಳಿದು ಬರೋದು. ಅಲ್ವೇನೇ ಅಕ್ಕ?"

"ಮೇಲೆ ಸಕ್ಕರೆ ಹರಳು. ಕಚ್ಚಿದರೆ ಕರಕರ ಅನ್ನೋದು," ಎಂದು ಎದುರಿಗೆ ಕುಳಿತ ವನಮಾಲ ಅತ್ತಿಗೆ ಸೇರಿಸುತ್ತಿದ್ದರು.

ಅವರಿಬ್ಬರೂ ಬೆಳೆದ ಊರಿನಲ್ಲಿ ಆ ಬನ್ನು ಮಾಡುತ್ತಿದ್ದ ಪೀಟರಪ್ಪ ತೀರಿಕೊಂಡ ಮೇಲೆ ಅವನ ಮಕ್ಕಳು ಬೇಕರಿಯ ಒಲೆ ಕೆಡವಿ ಬಟ್ಟೆ ಅಂಗಡಿ ತೆರೆದಿದ್ದರು. ನಾನು ಆ ಊರಿಗೆ ಸೊಸೆಯಾಗಿ ಬರುವ ಹೊತ್ತಿಗೆ ಬನ್ನಿನ ಹೆಸರು ಮಾತ್ರ ಉಳಿದಿತ್ತು. ಆದರೂ ಅತ್ತಿಗೆ ನಮ್ಮಲ್ಲಿಗೆ ಬಂದಾಗಲೆಲ್ಲ ಗಾಳಿಯಲ್ಲಿ ಆ ದುಂಡು ಮೂಡುತ್ತಿತ್ತು, ನಾನು ಬಡಿಸಿದ ಹೋಳಿಗೆ ತಟ್ಟೆಯಲ್ಲೇ ಆರುತ್ತಿತ್ತು. ನನಗೆ ಹೊಟ್ಟೆ ಉರಿಯುತ್ತಿತ್ತು. ಇನ್ನೊಬ್ಬ ಹೆಂಗಸಿನ ಮೇಲಿನ ಅಸೂಯೆಯಾಗಿದ್ದರೆ ಜಗಳವನ್ನಾದರೂ ಆಡಬಹುದಿತ್ತು. ಇಲ್ಲದ ಬನ್ನಿನೊಡನೆ ಏನೆಂದು ಜಗಳವಾಡುವುದು?

ಕೊನೆಗೆ ಅದನ್ನು ಮಾಡಿಯೇ ತೀರುತ್ತೇನೆಂದು ಹಟ ಹಿಡಿದೆ. ದಪ್ಪ ತಳದ ಪಾತ್ರೆಯಲ್ಲಿ ಮರಳು ಕಾಯಿಸಿ ಅದನ್ನೇ ಬೇಕರಿ ಒಲೆ ಮಾಡಿಕೊಂಡು, ಎಷ್ಟೋ ಸಲ ಸೀಯಿಸಿ, ಕಡೆಗೊಮ್ಮೆ ಹದ ಹಿಡಿದೆ. ಅತ್ತಿಗೆ ಬಂದ ದಿನ ಇಬ್ಬರಿಗೂ ಬಿಸಿಯಾಗಿ ಕೊಟ್ಟೆ.

ಮುಕುಂದ ಒಂದು ತುತ್ತು ಕಚ್ಚಿದರು. "ಚೆನ್ನಾಗಿದೆ. ಆದರೆ ಅದಲ್ಲ," ಎಂದು ಕೆಳಗಿಟ್ಟರು.

ಅತ್ತಿಗೆ ತಲೆ ತಗ್ಗಿಸಿ ಪೂರ್ತಿ ತಿಂದರು. ಆಮೇಲೆ ತಟ್ಟೆಗೆ ಉದುರಿದ ಸಕ್ಕರೆಯನ್ನು ಬೆರಳಿಗೆ ಒತ್ತಿಕೊಂಡು ಬಾಯಿಗಿಟ್ಟರು.

ತಟ್ಟೆ ತೊಳೆಯುವಾಗ ಅವರೊಬ್ಬರೇ ಸಿಕ್ಕರು. "ನೀವಾದರೂ ಹೇಳಿ ಅತ್ತಿಗೆ, ಏನು ಕಮ್ಮಿಯಾಯ್ತು? ಅದನ್ನ ತಿಂದವರಲ್ವಾ ನೀವು?" ಎಂದೆ.

"ನಾನೆಲ್ಲಿ ತಿಂದಿದ್ದೆ?" ಎಂದರು ಅತ್ತಿಗೆ. "ಅಮ್ಮ ತರ್ತಿದ್ದದ್ದು ಒಂದೇ. ಗಂಡುಹುಡುಗ, ಬೆಳೆಯೋನು ಅಂತ ಅವನಿಗೆ ಕೊಡೋಳು. ನನಗೆ ಸುತ್ತಿದ ಕಾಗದ. ಅದಕ್ಕೆ ಅಂಟಿದ ಸಕ್ಕರೆ ನೆಕ್ತಿದ್ದೆ. ಗುಲ್ಕನ್ ಹೇಗಿರುತ್ತೆ ಅಂತ ಅವನೇ ಹೇಳೋನು."

"ಮತ್ತೆ ಇಷ್ಟು ವರ್ಷ ಹೌದು ಹೌದು ಅಂದಿರಲ್ಲ?"

"ನಾನೂ ಜೊತೆಗೆ ತಿಂದೆ ಅಂತಲೇ ಅವನ ನೆನಪು. ಅಷ್ಟು ಆಸೆಯಿಂದ ಕೇಳ್ತಾನೆ, ಇಲ್ಲ ಅನ್ನೋಕೆ ಬಾಯಿ ಬರಲ್ಲ." ನಲ್ಲಿ ನಿಲ್ಲಿಸಿ ಸೆರಗಿಗೆ ಕೈ ಒರೆಸಿಕೊಂಡರು. "ಆದರೆ ಅವನು ಕೈಯಲ್ಲಿ ದುಂಡು ಮಾಡಿ ತೋರಿಸಿದಾಗ ಇವತ್ತಿಗೂ ಒಳಗೆ ಸುಡುತ್ತೆ ಕಣೆ. ಮೊಮ್ಮಕ್ಕಳನ್ನ ಕಂಡವಳಿಗೆ ಬನ್ನಿನ ಹೊಟ್ಟೆಕಿಚ್ಚು ಅಂದರೆ ಯಾರಾದರೂ ನಕ್ಕಾರು."

ನಾನು ನಗಲಿಲ್ಲ. ಇಷ್ಟು ಕಾಲ ಒಂದೇ ಉರಿಯ ಆಚೆ ಈಚೆ ಕುಳಿತು ಬೆಂದಿದ್ದೆವು.

ಮುಂದಿನ ವಾರ ಮುಕುಂದ ಪೇಟೆಗೆ ಹೋದ ಹೊತ್ತು ನೋಡಿ ಅತ್ತಿಗೆಗೆ ಹೇಳಿಕಳಿಸಿದೆ. ಇಬ್ಬರೂ ಸೇರಿ ಹಿಟ್ಟು ನಾದಿದೆವು. ಗುಲ್ಕನ್ ಧಾರಾಳವಾಗಿ ತುಂಬಿದೆವು. ತಟ್ಟೆ ಹಾಕಿಕೊಳ್ಳದೆ, ಒಲೆಯ ಪಕ್ಕ ನಿಂತೇ ತಿಂದೆವು. ಅತ್ತಿಗೆ ಒಂದು ಮುಗಿಸಿ ಕೇಳದೆಯೇ ಇನ್ನೊಂದಕ್ಕೆ ಕೈ ಹಾಕಿದರು.

ಕೊನೆಯದನ್ನು ಅವರು ಮುರಿಯುತ್ತಿದ್ದಾಗ ಹೊರಗೆ ಬಾಗಿಲು ತಟ್ಟಿದ ಸದ್ದಾಯಿತು. ಪೇಟೆಯಿಂದ ಮರಳಿದ ಮುಕುಂದ ನನ್ನ ಹೆಸರು ಹಿಡಿದು ಕೂಗಿದರು. ಅತ್ತಿಗೆ ಅರ್ಧವನ್ನು ನನ್ನ ಕೈಗಿತ್ತು, ತಮ್ಮ ಅರ್ಧವನ್ನು ನಿಧಾನವಾಗಿ ಬಾಯಿಗಿಟ್ಟುಕೊಂಡರು. ನಾವಿಬ್ಬರೂ ಅವಸರ ಮಾಡಲಿಲ್ಲ.